ಡಿಗ್ರಿ ಮಕ್ಕಳ ಸ್ಕಾಲರ್‌ಶಿಪ್: ಅಂಕಕ್ಕಿಂತ ಮೊದಲು ಹೆಸರು ನೋಡಿ

ಪಿಯುಸಿ ರಿಸಲ್ಟ್ ಬಂದು ಡಿಗ್ರಿ ಅಡ್ಮಿಷನ್ ಶುರುವಾದರೆ ಸಾಕು, ಮದ್ರಸದ ಬಾಗಿಲಲ್ಲಿ ತಾಯಂದಿರು ನಿಲ್ಲುತ್ತಾರೆ. ನಂದಿಗುಡಿ ಕಡೆಯವರು ನಮ್ಮನ್ನು ‘ಹಝ್ರತ್’ ಅನ್ನುತ್ತಾರೆ, ಕರಾವಳಿಯಿಂದ ಬಂದು ಈ ಭಾಗದಲ್ಲಿ ಹೋಟೆಲು, ವ್ಯಾಪಾರ ಮಾಡಿಕೊಂಡಿರುವ ನಮ್ಮ ಬ್ಯಾರಿ ಮನೆಯವರು ‘ಉಸ್ತಾದ್’ ಅನ್ನುತ್ತಾರೆ. ಪ್ರಶ್ನೆ ಮಾತ್ರ ಒಂದೇ: ಸ್ಕಾಲರ್‌ಶಿಪ್‌ಗೆ ಎಲ್ಲಿ ಹಾಕಬೇಕು?

2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯ ಆದ ಮೇಲೆ ಹರಿಹರ, ಮಲೆಬೆನ್ನೂರು ಕಡೆಯ ಮಕ್ಕಳಿಗೆ ಡಿಗ್ರಿ ಹತ್ತಿರವಾಯಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಖರ್ಚೂ ಇಲ್ಲ. ಉಳಿದದ್ದು ಫೀಸು, ಪುಸ್ತಕ, ಊಟ. ಇಷ್ಟಕ್ಕೇ ಓದು ನಿಲ್ಲಿಸಿದ ಮನೆಗಳನ್ನು ನಾವು ನೋಡಿದ್ದೇವೆ.

ಮೊದಲು ಒಂದು ಮಾತು. ಅಲ್ಪಸಂಖ್ಯಾತರ ಸ್ಕಾಲರ್‌ಶಿಪ್ ಒಂದೇ ನಮ್ಮದು ಎಂದುಕೊಂಡು ಕೂತವರು ಬಹಳ. ಸಾಚಾರ್ ವರದಿ ಬಂದ ಕಾಲದಲ್ಲಿ ಶುರುವಾದ ಕೇಂದ್ರದ ಯೋಜನೆಗಳನ್ನೇ ಈಗ ನಂಬಿ ಕೂರುವಂತಿಲ್ಲ. ಸಂಶೋಧನೆ ಮಾಡುವವರಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ ನಿಲ್ಲಿಸಿದ್ದನ್ನು 2022ರ ಡಿಸೆಂಬರ್‌ನಲ್ಲಿ ಸಂಸತ್ತಿನಲ್ಲೇ ಹೇಳಿದರು. ಹಾಗಂತ ಬೇರೆ ಬಾಗಿಲುಗಳು ಮುಚ್ಚಿಲ್ಲ.

ಕೇಂದ್ರ ಶಿಕ್ಷಣ ಇಲಾಖೆಯದು ಒಂದು ಮೆರಿಟ್ ಸ್ಕಾಲರ್‌ಶಿಪ್ ಇದೆ. ಅದಕ್ಕೆ ಜಾತಿ, ಧರ್ಮ ಯಾವುದೂ ಬೇಡ. ದ್ವಿತೀಯ ಪಿಯುಸಿಯಲ್ಲಿ ತನ್ನ ವಿಭಾಗದಲ್ಲಿ ಪಾಸಾದವರ ಪೈಕಿ ಮೇಲಿನ ಶೇ. 20ರೊಳಗೆ ಇರಬೇಕು, ಮನೆಯ ವರಮಾನ ವರ್ಷಕ್ಕೆ 4.5 ಲಕ್ಷ ಮೀರಬಾರದು. ಡಿಗ್ರಿಯ ಮೂರು ವರ್ಷ ತಲಾ 12,000 ರೂ. ಬರುತ್ತದೆ. ಅರ್ಧ ಹೆಣ್ಣುಮಕ್ಕಳಿಗೇ ಮೀಸಲು. ಮುಂದಿನ ವರ್ಷವೂ ಬೇಕೆಂದರೆ ಶೇ. 50 ಅಂಕ, ಶೇ. 75 ಹಾಜರಿ ಇರಲೇಬೇಕು. ಮದುವೆ, ಉರೂಸ್ ಎಂದು ವಾರಗಟ್ಟಲೆ ರಜೆ ಹಾಕಿಸುವ ಮನೆಯವರು ಇದನ್ನು ಗಮನಿಸಬೇಕು. ಇದನ್ನು ತೆಗೆದುಕೊಂಡರೆ ಬೇರೆ ಸ್ಕಾಲರ್‌ಶಿಪ್ ಜೊತೆಗೆ ಇಟ್ಟುಕೊಳ್ಳುವಂತಿಲ್ಲ, ಯಾವುದು ಹೆಚ್ಚೋ ಲೆಕ್ಕ ಹಾಕಿ ನೋಡಿ.

ಹತ್ತನೆ ಮತ್ತು ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ ಕಾಲೇಜಿನಲ್ಲೇ ಓದಿದ ಹುಡುಗಿಯರಿಗೆ ಅಝೀಂ ಪ್ರೇಮ್‌ಜಿ ಫೌಂಡೇಶನ್ನಿನ ವರ್ಷಕ್ಕೆ 30,000 ರೂ. ಇದೆ. ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ಪುಗಳು ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಹಾಸ್ಟೆಲ್ ಸೀಟು ಸಿಗದವರು ವಿದ್ಯಾಸಿರಿ ಕೇಳಬಹುದು, ತಿಂಗಳಿಗೆ 1,500ರಂತೆ ಹತ್ತು ತಿಂಗಳು. ಸಿಇಟಿ, ನೀಟ್ ಮೂಲಕ ಸೀಟು ಸಿಕ್ಕಿದವರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ. ಅದಕ್ಕೆ ಶೇ. 2 ಸೇವಾಶುಲ್ಕ ಇದೆ, ಇದು ಬಡ್ಡಿಯೋ ಅಲ್ಲವೋ ಎಂಬ ಅನುಮಾನ ಬಂದರೆ ನಿಮ್ಮ ಜಮಾಅತಿನ ಖತೀಬರನ್ನು ಕೇಳಿ. ಕೇಳದೆ, ಯಾರೋ ಹೇಳಿದರೆಂದು ಸೀಟು ಬಿಡಬೇಡಿ.

ಈಗ ನಿಜವಾದ ತೊಂದರೆಗೆ ಬರುತ್ತೇವೆ. ನಮ್ಮ ಕಣ್ಣೆದುರು ತಿರಸ್ಕಾರವಾದ ಅರ್ಜಿಗಳಲ್ಲಿ ಅಂಕ ಕಡಿಮೆಯಾಗಿ ಹೋದದ್ದಕ್ಕಿಂತ ಹೆಸರು ತಾಳೆಯಾಗದೆ ಹೋದದ್ದೇ ಜಾಸ್ತಿ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ‘ಫಾತಿಮತ್ ಝೊಹರಾ’, ಆಧಾರ್‌ನಲ್ಲಿ ‘ಫಾತಿಮಾ ಜೋಹರ’, ಪಾಸ್‌ಬುಕ್‌ನಲ್ಲಿ ‘ಝೊಹರಾ ಎಂ’. ಗಂಡುಮಕ್ಕಳದು ಇನ್ನೂ ಕಷ್ಟ: ಮುಹಮ್ಮದ್, ಮಹಮ್ಮದ್, ಮೊಹಮ್ಮದ್, ಕೆಲವು ಕಡೆ ಬರೀ ‘ಎಂ.ಡಿ.’. ಮನೆಯಲ್ಲಿ ಎಲ್ಲ ಒಂದೇ ಮಗು, ಕಂಪ್ಯೂಟರಿಗೆ ಮೂರು ಜನ. ಎಸ್ಸೆಸ್ಸೆಲ್ಸಿ ಕಾರ್ಡು ತಿದ್ದಿಸುವುದು ದೀರ್ಘ ಕೆಲಸ, ಆದ್ದರಿಂದ ಅದರಲ್ಲಿರುವಂತೆಯೇ ಆಧಾರ್ ಮಾಡಿಸುವುದು ವಾಸಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಅಂಗಡಿಯವನು ಟೈಪ್ ಮಾಡುವಾಗ ಪಕ್ಕದಲ್ಲಿ ನಿಂತು ಅಕ್ಷರ ಅಕ್ಷರ ನೋಡಿ.

ಜಾತಿ, ಆದಾಯ ಪತ್ರಗಳನ್ನು ನಾಡಕಚೇರಿಯಲ್ಲಿ ಅಡ್ಮಿಷನ್ನಿಗೆ ಮೊದಲೇ ಮಾಡಿಸಿಟ್ಟುಕೊಳ್ಳಿ, ಪೋರ್ಟಲ್ ಕೇಳುವುದು ಅದರ ಮೇಲಿನ ಆರ್‌ಡಿ ನಂಬರನ್ನು. ಇಲ್ಲಿ ಒಂದು ಕಹಿ ಮಾತೂ ಹೇಳಲೇಬೇಕು. ಗಲ್ಫ್‌ನಿಂದ ತಿಂಗಳು ತಿಂಗಳು ಹಣ ಬರುವ ಮನೆಯವರು ಬಡವರೆಂದು ಪತ್ರ ಮಾಡಿಸಿ ಅರ್ಜಿ ಹಾಕುವುದು ಹರಾಮ್. ಅದು ಬೀಡಿ ಕಟ್ಟುವ ತಾಯಿಯ ಮಗಳ ಪಾಲು. 2023ರಲ್ಲಿ ಕೇಂದ್ರ ಸರ್ಕಾರ 1,572 ಸಂಸ್ಥೆಗಳನ್ನು ಪರಿಶೀಲಿಸಿದಾಗ 830 ಕಡೆ ಅಲ್ಪಸಂಖ್ಯಾತರ ಸ್ಕಾಲರ್‌ಶಿಪ್ ಹೆಸರಲ್ಲಿ ವಂಚನೆ ಕಂಡು, ಪ್ರಕರಣ ಸಿಬಿಐಗೆ ಹೋಯಿತು. ಕಳ್ಳರು ಕದ್ದರು, ಹೆಸರು ಕೆಟ್ಟದ್ದು ಇಡೀ ಸಮುದಾಯದ್ದು. ಇನ್ನು ಕೆಲವರು ನಿಜಕ್ಕೂ ಬಡವರು, ಆದರೆ ‘ನಾವು ಕೈಚಾಚುವವರಲ್ಲ ಉಸ್ತಾದ್’ ಎನ್ನುತ್ತಾರೆ. ಇದು ಸದಕಾ ಅಲ್ಲ, ಚಪ್ಪಲಿ ಕೊಳ್ಳುವಾಗಲೂ ನಾವೂ ಕಟ್ಟಿದ ತೆರಿಗೆಯ ಹಣ.

ಅರ್ಜಿ ಮಂಜೂರಾದರೂ ಹಣ ಬರುವುದು ಆಧಾರ್ ಜೋಡಣೆಯಾದ ಖಾತೆಗೆ. ಎರಡು ಬ್ಯಾಂಕಿನಲ್ಲಿ ಖಾತೆ ಇದ್ದರೆ ಕೊನೆಯದಾಗಿ ಜೋಡಿಸಿದ್ದಕ್ಕೆ ಹೋಗುತ್ತದೆ. ನಮ್ಮಲ್ಲಿ ಓದಿದ ಹುಡುಗಿಯೊಬ್ಬಳು ಒಂದು ವರ್ಷ ಹಣ ಬಂದೇ ಇಲ್ಲ ಎಂದುಕೊಂಡಿದ್ದಳು, ಅದು ಶಾಲೆಯಲ್ಲಿದ್ದಾಗ ತೆರೆದು ಮರೆತ ಖಾತೆಯಲ್ಲಿ ಬಿದ್ದಿತ್ತು.

ಮತ್ತೆ ಮೊಬೈಲ್ ನಂಬರು. ಬಾಪ ಸೌದಿಯಲ್ಲಿ, ಆಧಾರ್‌ಗೆ ಕೊಟ್ಟ ಸಿಮ್ ಬಾಪನ ಜೇಬಿನಲ್ಲಿ, ಮಗಳು ಹರಿಹರದ ಸೈಬರ್‌ನಲ್ಲಿ ಓಟಿಪಿಗಾಗಿ ಕಾಯುತ್ತಾ ಕೂತಿರುತ್ತಾಳೆ. ಅರ್ಜಿಯಲ್ಲಿ ದೋಷವಿದೆ ಎಂದು ವಾಪಸ್ ಬಂದ ಸಂದೇಶವೂ ಅದೇ ಸಿಮ್ಮಿಗೆ ಹೋಗುತ್ತದೆ, ಅಷ್ಟರಲ್ಲಿ ಕೊನೆಯ ದಿನ ಮುಗಿದಿರುತ್ತದೆ. ಕಾಲೇಜು ಶುರುವಾಗುವ ಮೊದಲೇ ಮಗಳ ಕೈಯಲ್ಲಿರುವ ನಂಬರನ್ನೇ ಆಧಾರ್‌ಗೆ ಸೇರಿಸಿಬಿಡಿ.