ಅರ್ಧ ಮಿಲಿಮೀಟರಿನ ಹಣಾಹಣಿ: ಬ್ಲೂ-ರೇ ಮತ್ತು ಎಚ್‌ಡಿ ಡಿವಿಡಿ

ಡಿವಿಡಿಯ ಉತ್ತರಾಧಿಕಾರಿ ಯಾವುದಾಗಬೇಕೆಂಬ ವಿಷಯದಲ್ಲಿ 2002ರಿಂದ 2008ರವರೆಗೆ ಜಗತ್ತಿನ ಎಲೆಕ್ಟ್ರಾನಿಕ್ಸ್ ಕಂಪನಿಗಳೂ ಹಾಲಿವುಡ್ಡಿನ ಚಿತ್ರಸಂಸ್ಥೆಗಳೂ ಎರಡು ಬಣಗಳಾಗಿ ನಿಂತು ನಡೆಸಿದ ಹೋರಾಟವನ್ನು, ಉತ್ತಮ ಚಿತ್ರ ಕೊಡುವ ತಂತ್ರಜ್ಞಾನ ಯಾವುದೆಂಬ ಸ್ಪರ್ಧೆಯಾಗಿ ಬಣ್ಣಿಸುವುದು ರೂಢಿಯಾಗಿದೆ. ಈ ವಿವರಣೆ ವಾಸ್ತವಕ್ಕೆ ಹೊಂದುವುದಿಲ್ಲ. ಬ್ಲೂ-ರೇ ಮತ್ತು ಎಚ್‌ಡಿ ಡಿವಿಡಿ ಎರಡರಲ್ಲೂ ಬಳಕೆಯಾದ ಲೇಸರ್ ಒಂದೇ ಬಗೆಯದು, ಡಿಸ್ಕಿನ ವ್ಯಾಸ ಒಂದೇ, ಚಿತ್ರವನ್ನು ಅಡಕಗೊಳಿಸುವ ವಿಧಾನಗಳು ಒಂದೇ, ಪರದೆಯ ಮೇಲೆ ಮೂಡುವ ಗೆರೆಗಳ ಸಂಖ್ಯೆಯೂ ಒಂದೇ. ಮಾಹಿತಿಯ ಪದರವನ್ನು ಮುಚ್ಚುವ ಪಾರದರ್ಶಕ ಪ್ಲಾಸ್ಟಿಕ್ಕಿನ ದಪ್ಪ ಬ್ಲೂ-ರೇಯಲ್ಲಿ 0.1 ಮಿಲಿಮೀಟರ್, ಎಚ್‌ಡಿ ಡಿವಿಡಿಯಲ್ಲಿ 0.6 ಮಿಲಿಮೀಟರ್. ಈ ಅರ್ಧ ಮಿಲಿಮೀಟರಿನ ಅಂತರದಲ್ಲಿ ಕಾರ್ಖಾನೆಗಳ ಬಂಡವಾಳವೂ ಪೇಟೆಂಟುಗಳ ಆದಾಯವೂ ಅಡಗಿದ್ದುದರಿಂದಲೇ ಯಾವ ಬಣವೂ ಮಣಿಯಲಿಲ್ಲ.

ಹೊಸ ಡಿಸ್ಕಿನ ಅಗತ್ಯವಂತೂ ನಿಜವಾದದ್ದೇ ಆಗಿತ್ತು. ಹೈ-ಡೆಫಿನಿಷನ್ ಚಿತ್ರದ ಒಂದು ಚೌಕಟ್ಟಿನಲ್ಲಿ 1920 ಅಡ್ಡ ಬಿಂದುಗಳೂ 1080 ಗೆರೆಗಳೂ, ಅಂದರೆ ಒಟ್ಟು ಸುಮಾರು 20 ಲಕ್ಷ ಬಿಂದುಗಳಿದ್ದು, ಇದು ಭಾರತದಲ್ಲಿ ಬಳಕೆಯಲ್ಲಿದ್ದ ಡಿವಿಡಿ ಚಿತ್ರದ ಐದು ಪಟ್ಟು. ಸೆಕೆಂಡಿಗೆ 24 ಚೌಕಟ್ಟುಗಳಂತೆ ಎರಡು ಗಂಟೆಯ ಚಲನಚಿತ್ರವನ್ನು ಏನೂ ಕುಗ್ಗಿಸದೆ ಹಾಗೆಯೇ ದಾಖಲಿಸಿದರೆ ಸಾವಿರ ಗಿಗಾಬೈಟಿಗೂ ಹೆಚ್ಚು ಜಾಗ ಬೇಕಾಗುತ್ತದೆ; ಕಣ್ಣಿಗೆ ಗೋಚರಿಸದ ವಿವರಗಳನ್ನು ಗಣಿತದ ನೆರವಿನಿಂದ ಕೈಬಿಟ್ಟು ಎಷ್ಟೇ ಅಡಕಗೊಳಿಸಿದರೂ, ಒಂದು ಪದರದಲ್ಲಿ 4.7 ಗಿಗಾಬೈಟ್ ಮಾತ್ರ ಹಿಡಿಯುವ ಡಿವಿಡಿಗೆ ಅದನ್ನು ತೃಪ್ತಿಕರವಾಗಿ ತುಂಬುವುದು ಕಷ್ಟ.

ಡಿಸ್ಕಿನಲ್ಲಿ ಮಾಹಿತಿಯು ಸುರುಳಿಯಾಕಾರದ ಹಾದಿಯುದ್ದಕ್ಕೂ ಒತ್ತಿದ ಸೂಕ್ಷ್ಮ ಗುಳಿಗಳ ರೂಪದಲ್ಲಿರುತ್ತದೆ, ಮತ್ತು ಲೇಸರ್ ಕಿರಣವು ಆ ಗುಳಿಗಳ ಮೇಲೆ ಬಿದ್ದು ಪ್ರತಿಫಲಿಸುವಾಗ ಆಗುವ ಏರಿಳಿತಗಳನ್ನು ಯಂತ್ರವು ಓದುತ್ತದೆ. ಕಿರಣದ ಬೆಳಕಿನ ಚುಕ್ಕೆ ಎಷ್ಟು ಚಿಕ್ಕದೋ ಗುಳಿಗಳನ್ನು ಅಷ್ಟು ಚಿಕ್ಕದಾಗಿ, ಅಷ್ಟು ಒತ್ತೊತ್ತಾಗಿ ಇಡಬಹುದು. ಚುಕ್ಕೆಯ ಗಾತ್ರವನ್ನು ನಿರ್ಧರಿಸುವ ಅಂಶಗಳು ಎರಡು: ಬೆಳಕಿನ ತರಂಗಾಂತರ, ಅಂದರೆ ಒಂದು ಅಲೆಯ ಉದ್ದ, ಮತ್ತು ಮಸೂರವು ಕಿರಣವನ್ನು ಎಷ್ಟು ಅಗಲವಾದ ಕೋನದಿಂದ ಒಂದೆಡೆಗೆ ಕೂಡಿಸಬಲ್ಲದು ಎಂಬುದನ್ನು ಹೇಳುವ ನ್ಯೂಮರಿಕಲ್ ಅಪರ್ಚರ್ ಎಂಬ ಸಂಖ್ಯೆ. ಡಿವಿಡಿಯಲ್ಲಿ 650 ನ್ಯಾನೋಮೀಟರಿನ ಕೆಂಪು ಲೇಸರ್ ಇತ್ತು, ಮಸೂರದ ಸಂಖ್ಯೆ 0.60. ಗ್ಯಾಲಿಯಂ ನೈಟ್ರೈಡ್ ಎಂಬ ಸಂಯುಕ್ತದಿಂದ ನೀಲಿ ಬೆಳಕನ್ನು ಹೊರಡಿಸಲು ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಮತ್ತು ಜಪಾನಿನ ನಿಚಿಯಾ ಎಂಬ ಕಂಪನಿಯಲ್ಲಿದ್ದ ಶೂಜಿ ನಕಾಮುರ ವರ್ಷಗಟ್ಟಲೆ ನಡೆಸಿದ ಸಾಧನೆಯ ಫಲವಾಗಿ 1990ರ ದಶಕದಲ್ಲಿ ಮೊದಲು ಪ್ರಖರವಾದ ನೀಲಿ ಎಲ್‌ಇಡಿಯೂ ಬಳಿಕ ನೀಲಿ-ನೇರಳೆ ಲೇಸರ್ ಕೂಡ ಸಾಧ್ಯವಾದವು; ಎಲ್‌ಇಡಿಗಾಗಿ ಈ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಸಂದಿತು. 405 ನ್ಯಾನೋಮೀಟರಿನ ಈ ಲೇಸರನ್ನು ಎರಡೂ ಬಣಗಳು ಒಪ್ಪಿಕೊಂಡವು.

ಭಿನ್ನಾಭಿಪ್ರಾಯ ಹುಟ್ಟಿದ್ದು ಮಸೂರದ ವಿಷಯದಲ್ಲಿ. ನೀರಿನಲ್ಲಿ ಇಳಿಬಿಟ್ಟ ಕೋಲು ಬಾಗಿದಂತೆ ಕಾಣುವ ಹಾಗೆ, ಪ್ಲಾಸ್ಟಿಕ್ಕಿನೊಳಗೆ ಹೊಕ್ಕ ಕಿರಣವೂ ಬಾಗುತ್ತದೆ. ತಿರುಗುವ ಡಿಸ್ಕು ಕೊಂಚ ಓರೆಯಾದರೂ ಸಾಕು, ಬೆಳಕಿನ ಚುಕ್ಕೆ ಚೆದುರಿ ಬಾಲ ಬಂದಂತಾಗುತ್ತದೆ. ಮಸೂರದ ಸಂಖ್ಯೆಯನ್ನು ಹೆಚ್ಚಿಸಿದಾಗ ಈ ದೋಷವು ಆ ಸಂಖ್ಯೆಯ ಘನದ ಪ್ರಮಾಣದಲ್ಲಿ ಬೆಳೆಯುವುದರಿಂದ, ಅದನ್ನು ಹತೋಟಿಯಲ್ಲಿಡಲು ಪ್ಲಾಸ್ಟಿಕ್ಕಿನ ಹೊದಿಕೆಯನ್ನು ತೆಳುವಾಗಿಸಲೇಬೇಕು. 2002ರ ಫೆಬ್ರವರಿ 19ರಂದು ಸೋನಿ, ಮತ್ಸುಶಿತ, ಫಿಲಿಪ್ಸ್ ಮೊದಲಾದ ಒಂಬತ್ತು ಕಂಪನಿಗಳು ಪ್ರಕಟಿಸಿದ ಬ್ಲೂ-ರೇ ಈ ತರ್ಕವನ್ನು ಕೊನೆಯವರೆಗೂ ಒಯ್ದು, 0.85ರ ಮಸೂರವನ್ನೂ 0.1 ಮಿಲಿಮೀಟರಿನ ಹೊದಿಕೆಯನ್ನೂ ಆಯ್ದುಕೊಂಡಿತು. ಅದೇ ವರ್ಷ ತೋಶಿಬಾ ಮತ್ತು ಎನ್‌ಇಸಿ ಮುಂದಿಟ್ಟು, ಮುಂದೆ ಎಚ್‌ಡಿ ಡಿವಿಡಿ ಎಂಬ ಹೆಸರು ಪಡೆದ ಮಾದರಿಯು ಡಿವಿಡಿಯ 0.6 ಮಿಲಿಮೀಟರನ್ನೇ ಉಳಿಸಿಕೊಂಡು 0.65ರ ಮಸೂರಕ್ಕೆ ತೃಪ್ತಿಪಟ್ಟಿತು. ಚುಕ್ಕೆಯ ವಿಸ್ತೀರ್ಣವನ್ನು ಲೆಕ್ಕ ಹಾಕಿದರೆ ಪರಿಣಾಮ ಸ್ಪಷ್ಟವಾಗುತ್ತದೆ: ಡಿವಿಡಿಗಿಂತ ಬ್ಲೂ-ರೇಯ ಸಾಂದ್ರತೆ ಸುಮಾರು ಐದು ಪಟ್ಟು, ಎಚ್‌ಡಿ ಡಿವಿಡಿಯದು ಮೂರು ಪಟ್ಟು, ಒಂದು ಪದರದಲ್ಲಿ ಕ್ರಮವಾಗಿ 25 ಮತ್ತು 15 ಗಿಗಾಬೈಟ್.

ತೋಶಿಬಾದ ಆಯ್ಕೆಯನ್ನು ಅಂಜುಬುರುಕತನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಡಿವಿಡಿಯಂತೆಯೇ 0.6 ಮಿಲಿಮೀಟರಿನ ಎರಡು ಬಿಲ್ಲೆಗಳನ್ನು ಬೆಸೆದು ಮಾಡುವ ಡಿಸ್ಕನ್ನು ಇದ್ದ ಯಂತ್ರಗಳಲ್ಲೇ ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ತಯಾರಿಸಬಹುದಿತ್ತು, ಆದರೆ ಬ್ಲೂ-ರೇಗೆ ಹೊಸ ಯಂತ್ರಗಳೇ ಬೇಕಿದ್ದವು. ಮೇಲಾಗಿ ಅದರ ಮಾಹಿತಿ ಮೇಲ್ಮೈಗೆ ತೀರ ಹತ್ತಿರವಿದ್ದುದರಿಂದ ಗೀರು ಮತ್ತು ಧೂಳಿನ ಭಯಕ್ಕೆ 2003ರಲ್ಲಿ ಜಪಾನಿನಲ್ಲಿ ಬಂದ ಮೊದಲ ಡಿಸ್ಕುಗಳನ್ನು ಪ್ಲಾಸ್ಟಿಕ್ ಕವಚದೊಳಗೆ ಇಡಬೇಕಾಯಿತು. ಟಿಡಿಕೆ ಕಂಪನಿ ರೂಪಿಸಿದ ಗಟ್ಟಿ ಲೇಪನವು ಆ ಕವಚದ ಅಗತ್ಯವನ್ನು ಇಲ್ಲವಾಗಿಸಿತು. ಎಂಜಿನಿಯರುಗಳ ಮಟ್ಟದಲ್ಲಿ ಈ ಇಡೀ ಕಥನದ ಅತ್ಯಂತ ಮೆಚ್ಚತಕ್ಕ ಪರಿಹಾರ ಇದೇ ಎನ್ನಬೇಕು.

ಹಟದ ಬೇರು ಇನ್ನೂ ಹಿಂದಿನದು. 1995ರಲ್ಲಿ ಸೋನಿ-ಫಿಲಿಪ್ಸ್ ಒಂದು ಮಾದರಿಯನ್ನೂ ತೋಶಿಬಾ ಬಳಗ ಇನ್ನೊಂದನ್ನೂ ಹಿಡಿದು ನಿಂತಾಗ, ಐಬಿಎಂ ಸೇರಿದಂತೆ ಕಂಪ್ಯೂಟರ್ ಕಂಪನಿಗಳು ಒತ್ತಡ ಹೇರಿ ರಾಜಿ ಮಾಡಿಸಿದ್ದವು. ಅದರಿಂದ ಹುಟ್ಟಿದ ಡಿವಿಡಿಯಲ್ಲಿ 0.6 ಮಿಲಿಮೀಟರಿನ ಬೆಸುಗೆ ತೋಶಿಬಾ ಕಡೆಯದಾಗಿ, ಅಂಕೆಗಳನ್ನು ಗುಳಿಗಳಾಗಿ ಬರೆಯುವ ಸಂಕೇತಕ್ರಮ ಫಿಲಿಪ್ಸ್‌ನದಾಗಿ ಉಳಿದವು. ಮಾರಾಟವಾಗುವ ಪ್ರತಿ ಡಿಸ್ಕು, ಪ್ರತಿ ಯಂತ್ರದಿಂದಲೂ ಪೇಟೆಂಟ್ ಹೊಂದಿದವರಿಗೆ ರಾಯಧನ ಸಲ್ಲುವುದರಿಂದ, ಯಾರ ದಪ್ಪ ಉಳಿಯುತ್ತದೆ ಎಂಬುದು ಯಾರ ಆದಾಯ ಉಳಿಯುತ್ತದೆ ಎಂಬ ಪ್ರಶ್ನೆಯೂ ಆಗಿತ್ತು. 2005ರಲ್ಲಿ ಎರಡೂ ಬಣಗಳನ್ನು ಒಂದುಗೂಡಿಸಲು ಮಾತುಕತೆ ನಡೆದು ಮುರಿದುಬಿದ್ದಿತು, ಮತ್ತು ಈ ಬಾರಿ ರಾಜಿ ಮಾಡಿಸಬಲ್ಲ ಮೂರನೆಯವರು ಯಾರೂ ಇರಲಿಲ್ಲ. ಮೈಕ್ರೋಸಾಫ್ಟ್ ಎಚ್‌ಡಿ ಡಿವಿಡಿಯ ಕಡೆಗೇ ನಿಂತಿತ್ತು.

2006ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ತೋಶಿಬಾದ ಯಂತ್ರದ ಬೆಲೆ 499 ಡಾಲರ್, ಸ್ಯಾಮ್‌ಸಂಗ್‌ನ ಬ್ಲೂ-ರೇ ಯಂತ್ರದ್ದು ಅದರ ಇಮ್ಮಡಿ. ಯೂನಿವರ್ಸಲ್ ಚಿತ್ರಗಳು ಒಂದರಲ್ಲಿ, ಡಿಸ್ನಿ, ಫಾಕ್ಸ್ ಮತ್ತು ಸೋನಿಯವು ಇನ್ನೊಂದರಲ್ಲಿ ದೊರೆಯುತ್ತಿದ್ದುದರಿಂದ ಎಲ್ಲವನ್ನೂ ನೋಡಬಯಸುವವರು ಎರಡು ಯಂತ್ರ ಕೊಳ್ಳಬೇಕಿತ್ತು, ಇಲ್ಲವೇ ಕಾಯಬೇಕಿತ್ತು. ಬಹುಪಾಲು ಜನ ಕಾದರು. ತಕ್ಕಡಿಯನ್ನು ಬಾಗಿಸಿದ ಬಲವಾದ ಸಂಗತಿಯೆಂದರೆ, ಆ ವರ್ಷದ ನವೆಂಬರಿನಲ್ಲಿ ಬಂದ ಪ್ಲೇಸ್ಟೇಷನ್ 3 ಎಂಬ ಆಟದ ಯಂತ್ರದಲ್ಲಿ ಸೋನಿ ಬ್ಲೂ-ರೇಯನ್ನು ಅಡಕವಾಗಿ ಇಟ್ಟದ್ದು: ಆಟಕ್ಕೆಂದು ಅದನ್ನು ಕೊಂಡ ಲಕ್ಷಾಂತರ ಮನೆಗಳಲ್ಲಿ ಬ್ಲೂ-ರೇ ತಾನಾಗಿ ನೆಲೆಯೂರಿತು. 2007ರ ಆಗಸ್ಟಿನಲ್ಲಿ ಪ್ಯಾರಮೌಂಟ್ ಎಚ್‌ಡಿ ಡಿವಿಡಿಯ ಕಡೆಗೆ ವಾಲಿದ್ದು ಹೋರಾಟವನ್ನು ಕೆಲವು ತಿಂಗಳು ಎಳೆಯಿತಷ್ಟೇ. ಎರಡೂ ಮಾದರಿಗಳಲ್ಲಿ ಚಿತ್ರ ಬಿಡುಗಡೆ ಮಾಡುತ್ತಿದ್ದ ವಾರ್ನರ್ 2008ರ ಜನವರಿ 4ರಂದು ಇನ್ನು ಮುಂದೆ ಬ್ಲೂ-ರೇ ಮಾತ್ರ ಎಂದು ಸಾರಿತು, ಫೆಬ್ರವರಿಯಲ್ಲಿ ವಾಲ್‌ಮಾರ್ಟ್ ಅದೇ ಹಾದಿ ಹಿಡಿಯಿತು, ಮತ್ತು ಬ್ಲೂ-ರೇ ಪ್ರಕಟವಾಗಿ ಸರಿಯಾಗಿ ಆರು ವರ್ಷ ತುಂಬಿದ ಫೆಬ್ರವರಿ 19ರಂದು ತೋಶಿಬಾ ಸೋಲೊಪ್ಪಿಕೊಂಡಿತು. ಅದರ ಯಂತ್ರವನ್ನು ನಂಬಿ ಕೊಂಡವರ ಕೈಯಲ್ಲಿ ಮುಂದೆ ಹೊಸ ಚಿತ್ರವೇ ಬಾರದ ಸಾಧನ ಉಳಿಯಿತು. ಈ ನಷ್ಟವನ್ನು ವ್ಯಾಪಾರದ ಸಹಜ ಏರುಪೇರೆಂದು ಲಘುವಾಗಿ ಕಾಣಲಾಗದು.

ಭಾರತದ ಮಟ್ಟಿಗೆ ಈ ಹೋರಾಟದ ಸದ್ದು ಕೇಳಿದವರೇ ಕಡಿಮೆ. ಇಲ್ಲಿ ಎರಡು-ಮೂರು ಡಿಸ್ಕುಗಳಲ್ಲಿ ಒಂದು ಚಿತ್ರ ತುಂಬುವ ವಿಸಿಡಿಯೇ ಬಹುಕಾಲ ಮನೆಮಾತಾಗಿತ್ತು. ಮೋಸರ್ ಬೇರ್ ಕಂಪನಿ 2007ರಲ್ಲಿ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರತೊಡಗಿದಾಗ, ಬ್ಲೂ-ರೇಯ ಬೆಲೆ ಸಾಮಾನ್ಯ ಕುಟುಂಬದ ಎಣಿಕೆಗೇ ಸಿಗುವಂತಿರಲಿಲ್ಲ.

ಗೆದ್ದವರಿಗೂ ದಕ್ಕಿದ್ದು ನಿರೀಕ್ಷಿಸಿದಷ್ಟಲ್ಲ. ಅಂಚೆಯಲ್ಲಿ ಡಿವಿಡಿ ಕಳಿಸುತ್ತಿದ್ದ ನೆಟ್‌ಫ್ಲಿಕ್ಸ್, ಎರಡು ಬಣಗಳ ಹೋರಾಟ ಇನ್ನೂ ನಡೆಯುತ್ತಿದ್ದ 2007ರಲ್ಲೇ ಅಂತರ್ಜಾಲದ ಮೂಲಕ ಚಿತ್ರ ತೋರಿಸಲು ಆರಂಭಿಸಿತ್ತು. ಗ್ರಾಹಕರನ್ನು ಕಾಯಿಸಿ ಕಳೆದ ಆ ವರ್ಷಗಳು ಡಿಸ್ಕಿನ ಆಯುಷ್ಯವನ್ನೇ ಕಡಿದವು ಎಂದು ಭಾವಿಸಲು ಕಾರಣವಿದೆ. ಆದರೂ 0.1 ಮಿಲಿಮೀಟರಿನ ಹೊದಿಕೆ ವ್ಯರ್ಥವಾಗಲಿಲ್ಲ. 2016ರಲ್ಲಿ ಬಂದ ಅಲ್ಟ್ರಾ ಎಚ್‌ಡಿ ಬ್ಲೂ-ರೇ ಅದೇ ವಿನ್ಯಾಸದ ಮೇಲೆ ಮೂರು ಪದರಗಳಲ್ಲಿ 100 ಗಿಗಾಬೈಟ್ ಹಿಡಿಯುತ್ತದೆ, ಮತ್ತು ಅಂತರ್ಜಾಲದ ಪ್ರಸಾರಕ್ಕಿಂತ ಹಲವು ಪಟ್ಟು ಹೆಚ್ಚು ಮಾಹಿತಿಯನ್ನು ಪ್ರತಿ ಸೆಕೆಂಡಿಗೆ ಪರದೆಗೆ ಒದಗಿಸುತ್ತದೆ. ಹಳೆಯ ಚಿತ್ರಗಳನ್ನು ದುರಸ್ತಿಗೊಳಿಸಿ ಉಳಿಸುವವರು ಇಂದಿಗೂ ಈ ಡಿಸ್ಕನ್ನು ನೆಚ್ಚುವುದು ಅದಕ್ಕಾಗಿಯೇ. 1993ರಲ್ಲಿ ಲಂಡನ್ನಿನ ಬೆಂಕಿಯಲ್ಲಿ ಸುಟ್ಟು ಹಾಳಾದ ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯದ ನೆಗೆಟಿವ್‌ಗಳು ವರ್ಷಗಳ ಶ್ರಮದಿಂದ ಪುನರುಜ್ಜೀವಗೊಂಡ ಬಳಿಕ, 2015ರಲ್ಲಿ ಮನೆಗಳಿಗೆ ತಲುಪಿದ್ದು ಬ್ಲೂ-ರೇಯ ಮೂಲಕ.