ಹೊಸ ವೇಷದ ಹಳೆಯ ಆಟ: ಕೊಳ್ಳಬೇಕೆ, ಬೇಡವೆ?

ವೈದ್ಯನ ಮುಂದೆ ಬರುವ ಪ್ರಶ್ನೆಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ. ಮೂರು ದಶಕಗಳ ಹಿಂದೆ ಕಾರವಾರ ತಾಲೂಕಿನ ಚೆಂಡಿಯಾ, ಅರಗಾ, ತೋಡೂರು ಭಾಗದ ತಾಯಂದಿರು ಮಕ್ಕಳ ಜಂತುಹುಳು, ನೆಗಡಿ, ಕಜ್ಜಿಗಳಿಗೆ ಔಷಧ ಕೇಳುತ್ತಿದ್ದರು. ಇಂದು ಅದೇ ಮನೆಗಳ ಮುಂದಿನ ತಲೆಮಾರಿನವರು ಮಕ್ಕಳ ಕಣ್ಣುರಿ, ತಲೆನೋವು, ನಿದ್ರಾಹೀನತೆಗಳನ್ನು ಹೇಳಿಕೊಂಡು, ಮಾತಿನ ಕೊನೆಗೆ ‘ಮಗ ಒಂದು ವಿಡಿಯೊ ಗೇಮ್ ಕೊಡಿಸಿ ಎನ್ನುತ್ತಿದ್ದಾನೆ, ಕೊಡಿಸಬಹುದೆ?’ ಎಂದು ಕೇಳುತ್ತಾರೆ. ಪ್ರಶ್ನೆ ಹೊಸದಾದರೂ ಅದು ನಿದ್ರೆ, ದೃಷ್ಟಿ ಮತ್ತು ಮನಸ್ಸಿನ ಸ್ವಾಸ್ಥ್ಯಕ್ಕೆ ಸೇರಿದ್ದು. ಆದ್ದರಿಂದ ಅದನ್ನು ‘ಎಲ್ಲವೂ ಕೆಟ್ಟದ್ದು’ ಎಂದು ತಳ್ಳಿಹಾಕದೆ, ‘ಎಲ್ಲರೂ ಆಡುತ್ತಾರೆ’ ಎಂದು ಒಪ್ಪಿಬಿಡದೆ, ವಿಚಾರ ಮಾಡಿ ಉತ್ತರಿಸುವುದು ಯುಕ್ತ.

ಹೊಸ ವೇಷವೆಂದರೇನು?

ಯಕ್ಷಗಾನದಲ್ಲಿ ಒಂದೇ ಪ್ರಸಂಗವನ್ನು ಹೊಸ ಮೇಳವೊಂದು ಹೊಸ ವೇಷ, ಹೊಸ ನಡೆಗಳೊಂದಿಗೆ ಆಡಿ ತೋರಿಸುವುದುಂಟು. ಕಥೆಯ ಹೆಸರು ಅದೇ, ಅನುಭವ ಬೇರೆ. ವಿಡಿಯೊ ಗೇಮ್ ಜಗತ್ತಿನಲ್ಲಿಯೂ ಇಂಥ ಪದ್ಧತಿಯಿದೆ. ಅದನ್ನು ‘ರೀಬೂಟ್’ ಎನ್ನುತ್ತಾರೆ. ಇದಕ್ಕೆ ಪ್ರಸಿದ್ಧ ನಿದರ್ಶನ ‘ಟೂಂಬ್ ರೇಡರ್’. ಇಂಗ್ಲೆಂಡಿನ ಡರ್ಬಿ ನಗರದ ಕೋರ್ ಡಿಸೈನ್ ಎಂಬ ಸಂಸ್ಥೆ 1996ರಲ್ಲಿ ಈ ಆಟವನ್ನು ಮೊದಲು ರೂಪಿಸಿತು. ಪ್ರಾಚೀನ ಸಮಾಧಿಗಳನ್ನು ಶೋಧಿಸುವ ಲಾರಾ ಕ್ರಾಫ್ಟ್ ಎಂಬ ಸಾಹಸಿ ಹೆಣ್ಣುಮಗಳು ಅದರ ನಾಯಕಿ. 2013ರ ಮಾರ್ಚ್‌ನಲ್ಲಿ ಅಮೆರಿಕದ ಕ್ರಿಸ್ಟಲ್ ಡೈನಾಮಿಕ್ಸ್ ಸಂಸ್ಥೆ ಅದೇ ಹೆಸರಿನಲ್ಲಿ ಕಥೆಯನ್ನು ಬುಡದಿಂದ ಮತ್ತೆ ಕಟ್ಟಿತು. ಹಳೆಯ ನಾಯಕಿ ಎಲ್ಲವನ್ನೂ ಬಲ್ಲ ವೀರಳು. ಹೊಸ ಲಾರಾ ಇಪ್ಪತ್ತೊಂದರ ಅನುಭವವಿಲ್ಲದ ತರುಣಿ. ಹಡಗು ಒಡೆದು ಯಮತಾಯಿ ಎಂಬ ದ್ವೀಪಕ್ಕೆ ಬಂದು ಬೀಳುವ ಅವಳು ಹಸಿವು, ಗಾಯ, ಭಯಗಳನ್ನು ದಾಟಿ ಬದುಕುವುದೇ ಕಥೆ. ಇದರ ಮುಂದಿನ ಭಾಗಗಳು 2015 ಮತ್ತು 2018ರಲ್ಲಿ ಬಂದವು. 2018ರಲ್ಲಿ ‘ಗಾಡ್ ಆಫ್ ವಾರ್’ ಎಂಬ ಇನ್ನೊಂದು ಆಟವೂ ಗ್ರೀಕ್ ಪುರಾಣವನ್ನು ಬಿಟ್ಟು ಉತ್ತರ ಯುರೋಪಿನ ನಾರ್ಸ್ ಪುರಾಣಕ್ಕೆ ಬಂದು, ತಂದೆ–ಮಗನ ಪಯಣವಾಗಿ ಹೊಸ ರೂಪ ತಾಳಿತು.

ಹಳೆಯ ಹೆಸರಿಗೆ ಹೊಸ ವೇಷ ತೊಡಿಸುವುದರಲ್ಲಿ ವ್ಯಾಪಾರದ ಜಾಣತನವೂ ಇದೆ. ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ’ ಆಡಿದ ತರುಣರು ಇಂದು ತಂದೆಯರಾಗಿದ್ದಾರೆ. ಹಳೆಯ ಹೆಸರು ಕೇಳಿದೊಡನೆ ಅವರ ಮನಸ್ಸು ಮೆತ್ತಗಾಗುತ್ತದೆ. ‘ನಾನೂ ಆಡಿದ್ದೆ, ಏನೂ ಆಗಲಿಲ್ಲ’ ಎಂಬ ಮಾತು ಹೊರಡುತ್ತದೆ. ಆದರೆ ಹೆಸರು ಒಂದೇ ಇದ್ದ ಮಾತ್ರಕ್ಕೆ ವಸ್ತು ಒಂದೇ ಆಗಿರುವುದಿಲ್ಲ. ಅಂದಿನ ಚೌಕುಳಿ ಚಿತ್ರಗಳ ಗೊಂಬೆ ಬಿದ್ದರೆ ಗೊಂಬೆ ಬಿದ್ದಂತಿರುತ್ತಿತ್ತು. ಇಂದಿನ ಆಟದಲ್ಲಿ ರಕ್ತ, ನೋವು, ಸಾವುಗಳು ಸಿನಿಮಾದಷ್ಟೇ ನೈಜವಾಗಿ ಕಾಣುತ್ತವೆ. 2013ರ ಟೂಂಬ್ ರೇಡರ್‌ಗೆ ಯುರೋಪಿನ ವಯೋಮಿತಿ ಸಂಸ್ಥೆಯಾದ ಪೆಗಿ 18 ವರ್ಷ, ಅಮೆರಿಕದ ಸಂಸ್ಥೆ 17 ವರ್ಷ ಎಂಬ ಮಿತಿಯನ್ನು ಹಾಕಿವೆ. ಪೊಟ್ಟಣದ ಮೂಲೆಯಲ್ಲಿ ಅಚ್ಚಾಗಿರುವ ಈ ಅಂಕಿ ಆಟ ಕಷ್ಟವೋ ಸುಲಭವೋ ಎಂಬುದನ್ನು ಹೇಳುವುದಿಲ್ಲ. ಒಳಗಿನ ದೃಶ್ಯಗಳು ಯಾವ ವಯಸ್ಸಿಗೆ ತಕ್ಕವು ಎಂಬುದನ್ನು ಹೇಳುತ್ತದೆ. ಅನೇಕ ಪಾಲಕರು ಇದನ್ನು ತಿಳಿಯದೆ ‘ನಮ್ಮ ಹುಡುಗ ಬುದ್ಧಿವಂತ, ಆಡಬಲ್ಲ’ ಎನ್ನುತ್ತಾರೆ.

ಒಂದು ಮನೆಯ ವಾದ

ಕಳೆದ ಮಳೆಗಾಲದಲ್ಲಿ ಒಂದು ಕುಟುಂಬ ಈ ವಿಷಯವನ್ನೇ ಚರ್ಚಿಸುತ್ತ ನನ್ನಲ್ಲಿಗೆ ಬಂದಿತ್ತು. ಕಿರಿಯ ಮಗ ಹತ್ತನೆಯ ತರಗತಿ, ಹದಿನೈದು ವಯಸ್ಸು. ಹಿರಿಯವನು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ಇಪ್ಪತ್ತರ ತರುಣ. ಇಬ್ಬರಿಗೂ ಈ ಹೊಸ ವೇಷದ ಆಟ ಬೇಕು. ಕಿರಿಯವನು ಅದಾಗಲೇ ಮೊಬೈಲಿನಲ್ಲಿ ಬಿಟ್ಟಿ ಸಿಗುವ ಗುಂಡಿನ ಕಾಳಗದ ಆಟವನ್ನು ರಾತ್ರಿ ಒಂದು ಗಂಟೆಯವರೆಗೆ ಆಡುತ್ತಿದ್ದ. ತಂದೆಯ ವಾದ ಹೀಗಿತ್ತು: ‘ಬಿಟ್ಟಿ ಆಟ ಇರುವಾಗ ದುಡ್ಡು ಕೊಟ್ಟು ಇನ್ನೊಂದು ಏಕೆ?’ ಹಿರಿಯ ಮಗ ಹೇಳಿದ: ‘ಅಪ್ಪ, ಇದು ಕಥೆ. ಹನ್ನೆರಡು ತಾಸಿನಷ್ಟು ಆಡಿದರೆ ಮುಗಿಯುತ್ತದೆ. ತಮ್ಮ ಆಡುವ ಆಟಕ್ಕೆ ಕೊನೆಯೇ ಇಲ್ಲ.’ ತಾಯಿ ಕೇಳಿದ್ದು ಒಂದೇ: ‘ಡಾಕ್ಟರೆ, ಇವನು ರಾತ್ರಿ ಮಲಗುವುದು ಯಾವಾಗ?’

ಮೂವರ ಮಾತಿನಲ್ಲಿಯೂ ಸತ್ಯವಿತ್ತು. ಒಂದೊಂದನ್ನೂ ತೂಗಿ ನೋಡೋಣ.

ಹಣದ ಲೆಕ್ಕ

ಪ್ಲೇಸ್ಟೇಷನ್ 5 ಯಂತ್ರ 2021ರಲ್ಲಿ ಭಾರತಕ್ಕೆ ಬಂದಾಗ ಅದರ ಬೆಲೆ 49,990 ರೂಪಾಯಿ. ಹೊಸದಾಗಿ ಬಿಡುಗಡೆಯಾಗುವ ದೊಡ್ಡ ಆಟವೊಂದಕ್ಕೆ ನಾಲ್ಕೈದು ಸಾವಿರ ತಗಲುವುದುಂಟು. ಕೆಲವು ವರ್ಷ ಹಳೆಯದಾದರೆ ಅದೇ ಆಟ ಬಹಳ ಅಗ್ಗಕ್ಕೆ ಸಿಗುತ್ತದೆ. ಮಧ್ಯಮ ವರ್ಗದ ಮನೆಗೆ ಇದು ಸಣ್ಣ ಮೊತ್ತವಲ್ಲ. ಆದರೆ ‘ಬಿಟ್ಟಿ’ ಆಟವೂ ನಿಜಕ್ಕೂ ಬಿಟ್ಟಿಯಲ್ಲ. ಅದರೊಳಗೆ ಉಡುಪು, ಆಯುಧ, ಅದೃಷ್ಟದ ಪೆಟ್ಟಿಗೆಗಳೆಂದು ಐವತ್ತು, ನೂರು ರೂಪಾಯಿಗಳಂತೆ ಹಣ ಸೋರುತ್ತದೆ. ಯಾವ ಕ್ಷಣಕ್ಕೆ ಬಹುಮಾನ ಬರುವುದೆಂದು ತಿಳಿಯದಂತೆ ಅದನ್ನು ಹೊಂದಿಸಿರುತ್ತಾರೆ. ಅನಿಶ್ಚಿತವಾಗಿ ಸಿಗುವ ಬಹುಮಾನವು ಪ್ರಾಣಿಯನ್ನು ಕ್ರಿಯೆಗೆ ಬಿಡದೆ ಅಂಟಿಸುತ್ತದೆ ಎಂಬುದನ್ನು ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಪಾರಿವಾಳ, ಇಲಿಗಳ ಮೇಲಿನ ಪ್ರಯೋಗಗಳಿಂದ ಕಳೆದ ಶತಮಾನದಲ್ಲಿಯೇ ತೋರಿಸಿದ್ದರು.

ಈ ಅಂಶದಲ್ಲಿ ಹಿರಿಯ ಮಗನ ಮಾತು ಸರಿ. ಆದಿ, ಅಂತ್ಯಗಳುಳ್ಳ ಕಥೆಯ ಆಟವು ಕಾದಂಬರಿಯಂತೆ ಒಂದು ದಿನ ಮುಗಿಯುತ್ತದೆ. ಬೇಕೆಂದಾಗ ನಡುವೆ ನಿಲ್ಲಿಸಿಡಬಹುದು. ಅಂತ್ಯವಿಲ್ಲದ, ಗೆಳೆಯರ ತಂಡದೊಡನೆ ಆಡುವ ಆಟದಲ್ಲಿ ನಡುವೆ ಎದ್ದರೆ ತಂಡ ಸೋಲುತ್ತದೆ. ಆದ್ದರಿಂದ ಮಗು ಏಳಲಾರದು. ಬೆಲೆಯ ಪಟ್ಟಿಯನ್ನಷ್ಟೇ ನೋಡಿ ಬಿಟ್ಟಿ ಆಟವೇ ಮೇಲೆಂದು ತಿಳಿಯುವುದು ಸರಿಯಾಗದು.

ಇನ್ನೊಂದು ಸಂದೇಹವನ್ನೂ ಇಲ್ಲಿಯೇ ಪರಿಹರಿಸಬೇಕು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರವು ಆನ್‌ಲೈನ್ ಆಟಗಳ ಕುರಿತು ಹೊಸ ಕಾಯಿದೆ ತಂದಿದೆ. ಅದು ನಿಷೇಧಿಸಿರುವುದು ಹಣ ಹೂಡಿ ಹಣ ಗೆಲ್ಲುವ ಆಟಗಳನ್ನು. ಬೆಲೆ ಕೊಟ್ಟು ಕೊಂಡು ಆಡುವ ಕಥೆಯ ಆಟ ಅದರ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಕಾನೂನು ತಡೆಯದ ಮಾತ್ರಕ್ಕೆ ವಸ್ತುವು ಪಥ್ಯವಾಗುವುದಿಲ್ಲವೆಂಬುದನ್ನೂ ನೆನಪಿಡಬೇಕು.

ಶಾಸ್ತ್ರ ಏನು ಹೇಳುತ್ತದೆ?

ಚರಕಸಂಹಿತೆಯ ಸೂತ್ರಸ್ಥಾನದ 11ನೆಯ ಅಧ್ಯಾಯವು ರೋಗಗಳಿಗೆ ಮೂರು ಕಾರಣಗಳನ್ನು ಹೇಳುತ್ತದೆ: ಇಂದ್ರಿಯಗಳು ತಮ್ಮ ವಿಷಯಗಳೊಡನೆ ಹಿತವಲ್ಲದ ರೀತಿಯಲ್ಲಿ ಕೂಡುವುದು, ಬುದ್ಧಿ ಅರಿತೂ ತಪ್ಪುವ ಪ್ರಜ್ಞಾಪರಾಧ, ಮತ್ತು ಕಾಲದ ಪರಿಣಾಮ. ಇಂದ್ರಿಯದ ಅಹಿತ ಸಂಯೋಗದಲ್ಲಿ ಮೂರು ಬಗೆ. ಅತಿಯಾದ ಹೊಳಪನ್ನು ಬಹುಹೊತ್ತು ನೋಡುವುದು ಅತಿಯೋಗ. ಏನನ್ನೂ ನೋಡದಿರುವುದು ಅಯೋಗ. ಭಯಾನಕ, ಬೀಭತ್ಸ ರೂಪಗಳನ್ನು ನೋಡುವುದು, ತೀರ ಹತ್ತಿರದಿಂದ ನೋಡುವುದು ಮಿಥ್ಯಾಯೋಗ. ಕತ್ತಲ ಕೋಣೆಯಲ್ಲಿ ಗೇಣುದ್ದದಲ್ಲಿ ಮೊಬೈಲ್ ಹಿಡಿದು ಹೊಡೆದಾಟವನ್ನು ಮೂರು ತಾಸು ನೋಡುವ ಮಗುವಿನಲ್ಲಿ ಅತಿಯೋಗವೂ ಮಿಥ್ಯಾಯೋಗವೂ ಒಟ್ಟಿಗೆ ಸೇರಿವೆ.

ಅದೇ ಅಧ್ಯಾಯವು ಆಹಾರ, ನಿದ್ರೆ, ಬ್ರಹ್ಮಚರ್ಯಗಳನ್ನು ಶರೀರದ ಮೂರು ಆಧಾರಸ್ತಂಭಗಳೆಂದು ಕರೆಯುತ್ತದೆ. ತಾಯಿಯ ಪ್ರಶ್ನೆ ಈ ಎರಡನೆಯ ಸ್ತಂಭದ ಕುರಿತಾದದ್ದು. ಹದಿಮೂರರಿಂದ ಹದಿನೆಂಟು ವಯಸ್ಸಿನವರಿಗೆ ದಿನಕ್ಕೆ ಎಂಟರಿಂದ ಹತ್ತು ತಾಸು ನಿದ್ರೆ ಬೇಕೆಂದು ಆಧುನಿಕ ನಿದ್ರಾತಜ್ಞರು ಹೇಳುತ್ತಾರೆ. ರಾತ್ರಿಯ ಹೊಳೆಯುವ ತೆರೆ, ನಿದ್ರೆಯನ್ನು ಕರೆತರುವ ಮೆಲಟೋನಿನ್ ಎಂಬ ಸ್ರಾವವನ್ನು ತಡಮಾಡಿಸುತ್ತದೆ. ಗೆಲುವು ಸೋಲುಗಳ ಉದ್ವೇಗವು ತೆರೆ ಆರಿಸಿದ ಮೇಲೆಯೂ ಮನಸ್ಸನ್ನು ಎಚ್ಚರವಾಗಿಡುತ್ತದೆ.

7ನೆಯ ಅಧ್ಯಾಯವು ಹಸಿವು, ಬಾಯಾರಿಕೆ, ಮಲಮೂತ್ರ, ಆಕಳಿಕೆ, ನಿದ್ರೆ ಮೊದಲಾದ ಹದಿಮೂರು ಸಹಜ ವೇಗಗಳನ್ನು ತಡೆಹಿಡಿಯಬಾರದೆಂದು ವಿಧಿಸುತ್ತದೆ. ಆಟದಲ್ಲಿ ಮುಳುಗಿದ ಮಕ್ಕಳು ಮಾಡುವುದು ಸರಿಯಾಗಿ ಇದನ್ನೇ: ಮೂತ್ರ ತಡೆಯುತ್ತಾರೆ, ಊಟ ಮುಂದೂಡುತ್ತಾರೆ, ಆಕಳಿಸುತ್ತಲೇ ಆಡುತ್ತಾರೆ. ಮಲಬದ್ಧತೆ, ಉರಿಮೂತ್ರ, ಅಗ್ನಿಮಾಂದ್ಯಗಳೊಂದಿಗೆ ಬರುವ ಹುಡುಗರನ್ನು ಈಗ ‘ದಿನಕ್ಕೆಷ್ಟು ತಾಸು ಆಡುತ್ತೀ ತಮ್ಮಾ?’ ಎಂದು ಕೇಳುವುದು ನನ್ನ ರೂಢಿ. ಅದೇ ಅಧ್ಯಾಯ ಲೋಭ, ಕ್ರೋಧ, ಭಯಗಳಂಥ ಮಾನಸಿಕ ವೇಗಗಳನ್ನು ಮಾತ್ರ ತಡೆಯಬೇಕೆನ್ನುತ್ತದೆ. ತಡೆಯಬಾರದ್ದನ್ನು ತಡೆದು, ತಡೆಯಬೇಕಾದುದನ್ನು ಹರಿಯಬಿಟ್ಟರೆ ಅಲ್ಲಿ ರೋಗಕ್ಕೆ ದಾರಿ ತೆರೆಯಿತೆಂದೇ ಅರ್ಥ.

ಆಧುನಿಕ ವೈದ್ಯಕದ ತೀರ್ಮಾನ

ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗಗಳ ಅಂತಾರಾಷ್ಟ್ರೀಯ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ ಆಟದ ವ್ಯಸನವನ್ನು ಒಂದು ವ್ಯಾಧಿಯೆಂದು ಸೇರಿಸಿದೆ. ಇದು 2022ರ ಜನವರಿ 1ರಿಂದ ಜಾರಿಯಲ್ಲಿದೆ. ಲಕ್ಷಣಗಳು ಮೂರು: ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲ ಆಸಕ್ತಿ ಮತ್ತು ದಿನಚರಿಗಿಂತ ಆಟವೇ ಮುಖ್ಯವಾಗುವುದು, ಹಾನಿ ಕಂಡರೂ ಮುಂದುವರಿಸುವುದು. ಇವು ಸಾಮಾನ್ಯವಾಗಿ ಹನ್ನೆರಡು ತಿಂಗಳು ಕಂಡುಬಂದು, ಓದು, ಕುಟುಂಬ, ಉದ್ಯೋಗಗಳಿಗೆ ಗಣನೀಯ ಧಕ್ಕೆ ಆಗಿರಬೇಕು. ರಜೆಯಲ್ಲಿ ವಾರವೊಂದು ಹೆಚ್ಚು ಆಡಿದ ಮಗು ರೋಗಿಯಲ್ಲ. ಆ ಹೆದರಿಕೆ ಬೇಡ.

ಹಿಂಸೆಯ ಆಟ ಆಡಿದವರೆಲ್ಲ ಹಿಂಸಕರಾಗುತ್ತಾರೆ ಎಂಬುದಕ್ಕೂ ಸಾಕಷ್ಟು ಆಧಾರವಿಲ್ಲವೆಂದು ಅಮೆರಿಕದ ಮನೋವಿಜ್ಞಾನ ಸಂಘ 2020ರಲ್ಲಿ ಸ್ಪಷ್ಟಪಡಿಸಿತು. ಕೂಗಾಟ, ತಳ್ಳಾಟಗಳಂಥ ಒರಟುತನಕ್ಕೆ ಅಲ್ಪ ಸಂಬಂಧವಿದೆ ಎಂದಷ್ಟೇ ಅದು ಹೇಳಿದೆ. ಒಳಿತಿನ ಪಕ್ಷದಲ್ಲಿಯೂ ಒಂದು ಮಾತು. 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹಿಂದೆ ವಾರಕ್ಕೆ ಮೂರು ತಾಸಿಗಿಂತ ಹೆಚ್ಚು ವಿಡಿಯೊ ಆಟ ಆಡಿದ ಶಸ್ತ್ರವೈದ್ಯರು ಉದರದರ್ಶಕ ಶಸ್ತ್ರಕ್ರಿಯೆಯ ಅಭ್ಯಾಸದಲ್ಲಿ ಇತರರಿಗಿಂತ ಶೇ. 37ರಷ್ಟು ಕಡಿಮೆ ತಪ್ಪು ಮಾಡಿದರು. ಅಲ್ಲಿ ಲೆಕ್ಕಕ್ಕೆ ಬಂದದ್ದು ವಾರಕ್ಕೆ ಮೂರು ತಾಸು. ದಿನಕ್ಕೆ ಮೂರು ತಾಸಲ್ಲ.

ನಿರ್ಣಯಿಸುವ ಬಗೆ

ಕೊಳ್ಳುವ ಮುನ್ನ ಮನೆಯವರು ಐದು ಪ್ರಶ್ನೆ ಕೇಳಿಕೊಳ್ಳಬೇಕು. ಆಟದ ವಯೋಮಿತಿ ಆಡುವವನ ವಯಸ್ಸಿಗೆ ಹೊಂದುತ್ತದೆಯೆ? ಅದಕ್ಕೆ ಅಂತ್ಯವಿದೆಯೆ, ನಡುವೆ ನಿಲ್ಲಿಸಲಾಗುತ್ತದೆಯೆ? ಕೊಂಡ ಮೇಲೆ ಮತ್ತೆ ಮತ್ತೆ ಹಣ ಕೇಳುತ್ತದೆಯೆ? ಎಲ್ಲರೂ ಓಡಾಡುವ ನಡುಮನೆಯಲ್ಲಿ ಆಡಬಹುದೆ? ಈಗಿರುವ ಆಟದ ಹೊತ್ತಿನಲ್ಲಿಯೇ ಇದು ಅಡಗುತ್ತದೆಯೆ, ಅಥವಾ ಅದರ ಮೇಲೆ ಇನ್ನಷ್ಟು ಹೊತ್ತನ್ನು ಕಬಳಿಸುತ್ತದೆಯೆ?

ಈ ಅಳತೆಯಲ್ಲಿ ಆ ಕುಟುಂಬಕ್ಕೆ ನಾನು ಕೊಟ್ಟ ಸಲಹೆ ಇದು: ಇಪ್ಪತ್ತರ ಹಿರಿಯವನು ತನ್ನ ಉಳಿತಾಯದಲ್ಲಿ ಕೊಳ್ಳಲಿ, ರಜೆಯಲ್ಲಿ ಆಡಲಿ. ಹದಿನೈದರ ಕಿರಿಯವನಿಗೆ ಈ ಆಟ ಈಗ ಬೇಡ. ಅವನ ವಯಸ್ಸಿಗೆ ಒಪ್ಪುವ, ಕೊನೆಯುಳ್ಳ ಬೇರೊಂದನ್ನು ಪರೀಕ್ಷೆಯ ನಂತರ ಅಣ್ಣನೇ ಆರಿಸಿಕೊಡಲಿ. ಆದರೆ ಮೊದಲು ಆಗಬೇಕಾದ ಕೆಲಸ, ಈಗಾಗಲೇ ಕೈಯಲ್ಲಿರುವ ರಾತ್ರಿಯ ಆಟವನ್ನು ಇಳಿಸುವುದು. ಹೊಸದನ್ನು ಬೇಡವೆಂದು ಹೇಳಿ, ಹಳೆಯ ಬಿಟ್ಟಿ ಆಟವನ್ನು ಹಾಗೆಯೇ ಬಿಟ್ಟರೆ ಹಣ ಉಳಿದೀತು. ಮಗುವಿನ ನಿದ್ರೆ ಉಳಿಯದು.

ಕಾಲುಭಾಗದ ಕ್ರಮ

ಅಭ್ಯಾಸವನ್ನು ಥಟ್ಟನೆ ಕಿತ್ತುಕೊಂಡರೆ ಸಿಟ್ಟು, ಸುಳ್ಳು, ಕದ್ದು ಆಡುವುದು ಹುಟ್ಟುತ್ತವೆ. ಅಹಿತವಾದ ರೂಢಿಯನ್ನು ನಾಲ್ಕನೆಯ ಒಂದು ಭಾಗದಂತೆ ಬಿಡುತ್ತ, ಬಿಟ್ಟಷ್ಟು ಜಾಗದಲ್ಲಿ ಹಿತವಾದುದನ್ನು ತುಂಬಬೇಕೆಂಬ ಪಾದಾಂಶಿಕ ಕ್ರಮವನ್ನು ಚರಕರು ಹೇಳಿದ್ದಾರೆ. ದಿನಕ್ಕೆ ನಾಲ್ಕು ತಾಸು ಆಡುವವನಿಗೆ ಮೊದಲ ವಾರ ಮೂರು, ಎರಡನೆಯ ವಾರ ಎರಡು, ಮೂರನೆಯ ವಾರ ಒಂದು ತಾಸು. ಮೊದಲು ಬಿಡಬೇಕಾದದ್ದು ಮಲಗುವ ಮುಂಚಿನ ತಾಸು. ಆ ಹೊತ್ತಿನಲ್ಲಿ ಬೆಚ್ಚಗಿನ ಎಣ್ಣೆಯಿಂದ ಪಾದಾಭ್ಯಂಗ ಮಾಡಿಸಿ. ಕಣ್ಣಿಗೂ ನಿದ್ರೆಗೂ ಅದು ಹಿತ. ಮೊಬೈಲ್ ರಾತ್ರಿ ತಂದೆತಾಯಿಯರ ಕೋಣೆಯಲ್ಲಿರಲಿ. ಅವರದ್ದೂ ಅಲ್ಲಿ ಬದಿಗಿಟ್ಟಿರಲಿ. ಆಡುವಾಗ ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡುವ ರೂಢಿ ಬರಲಿ.

ತೆರವಾದ ಹೊತ್ತಿಗೆ ಏನು ಎಂಬುದು ನಮ್ಮ ಕರಾವಳಿಯಲ್ಲಿ ನಿಜವಾದ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಲ್ಲಿ ನೀರು ನಿಂತಿರುತ್ತದೆ, ಕಡಲಿಗೆ ಇಳಿಯುವಂತಿಲ್ಲ, ನಾಗರಮಡಿ ಜಲಪಾತದ ಕಡೆಗೆ ಮಕ್ಕಳನ್ನು ಕಳುಹಿಸುವುದು ಅಪಾಯ. ಆಗ ಮನೆಯ ಜಗಲಿಯಲ್ಲಿ ಸೂರ್ಯನಮಸ್ಕಾರ, ಹಗ್ಗದಾಟ, ಕೇರಂ ನಡೆಯಲಿ. ಮಳೆ ನಿಂತ ಮೇಲೆ ದಿನಕ್ಕೆ ಒಂದು ತಾಸಾದರೂ ಬಯಲ ಬೆಳಕಿನಲ್ಲಿ ಓಡಾಡಲಿ. ಹೊರಗಿನ ಬೆಳಕಿನಲ್ಲಿ ಕಳೆಯುವ ಹೊತ್ತು ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಹುಟ್ಟುವುದನ್ನು ತಗ್ಗಿಸುತ್ತದೆಂಬುದು ಅಧ್ಯಯನಗಳಿಂದ ತಿಳಿದಿದೆ.

ಇಷ್ಟು ಮಾಡಿಯೂ ಮಗು ಶಾಲೆ ಬಿಡುತ್ತಿದ್ದರೆ, ಊಟ ನಿದ್ರೆಗಳನ್ನು ತೊರೆದಿದ್ದರೆ, ತಡೆದಾಗ ತನಗೋ ಇತರರಿಗೋ ಹಾನಿ ಮಾಡಿಕೊಳ್ಳುವ ಮಾತನಾಡಿದರೆ, ಲೇಹ್ಯ, ಕಷಾಯಗಳನ್ನು ನಂಬಿ ಕಾಯಬೇಡಿ. ಕೇಂದ್ರ ಸರಕಾರದ ಟೆಲಿ–ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ ಲಭ್ಯ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂಥ ತಂತ್ರಜ್ಞಾನ ವ್ಯಸನಕ್ಕೆಂದೇ 2014ರಿಂದ ‘ಶಟ್’ ಚಿಕಿತ್ಸಾಲಯ ನಡೆಯುತ್ತಿದೆ. ಅಲ್ಲಿಗೆ ಹೋಗುವುದರಲ್ಲಿ ನಾಚಿಕೆಯಿಲ್ಲ. ಜ್ವರ ಬಂದ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುವಷ್ಟೇ ಸಹಜವಾಗಿ, ತಡಮಾಡದೆ ಕರೆದೊಯ್ಯಿರಿ.