ಸಂಘದ ಲೆಕ್ಕಕ್ಕೂ ಬೇಕು ಒಂದು ರಫ್ತು: ಮಹಾಲಿಂಗಪುರದಲ್ಲಿ ನಾವು ಕಲಿತದ್ದು



ರಫ್ತು ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಮಂಗಳೂರು ಬಂದರಿಗೆ ಸಾಗುವ ಕಾಫಿ ಮೂಟೆ. ಗಣಕಯಂತ್ರದಲ್ಲಿಯೂ ಒಂದು ರಫ್ತು ಉಂಟು. ಸಂಘದ ಲೆಕ್ಕವನ್ನೆಲ್ಲ ಒಂದು ಕಡತವಾಗಿ ಯಂತ್ರದಿಂದ ಹೊರತೆಗೆದು ಬೇರೆಡೆ ಭದ್ರಪಡಿಸುವುದೇ ಆ ರಫ್ತು. ಹಾಗೆ ತೆಗೆದ ಕಡತಕ್ಕೆ ಬ್ಯಾಕಪ್, ಅಂದರೆ ಮೀಸಲು ಪ್ರತಿ ಎನ್ನುತ್ತಾರೆ. ಇದು ಗುಮಾಸ್ತರ ಕೆಲಸ, ನಮಗೇಕೆ ಎಂದು ಸದಸ್ಯರು ಕೇಳಬಹುದು. ನಾವೂ ಹಾಗೆಯೇ ತಿಳಿದಿದ್ದೆವು.

ಮೇ ತಿಂಗಳ ಒಂದು ಸಂಜೆ ಸಿಡಿಲು ಬಡಿದು ನಮ್ಮ ಕಚೇರಿಯ ಯಂತ್ರ ಸುಟ್ಟುಹೋಯಿತು. ಪ್ರತಿದಿನ ಮಧ್ಯಾಹ್ನ ತೆಗೆದ ಮೀಸಲು ಪ್ರತಿ ಪೆನ್‌ಡ್ರೈವಿನಲ್ಲಿ ಇದ್ದೇ ಇದೆಯೆಂದು ಧೈರ್ಯವಾಗಿದ್ದೆವು. ಹೊಸ ಯಂತ್ರಕ್ಕೆ ತುಂಬಿ ನೋಡಿದರೆ, ಸದಸ್ಯರ ಹೆಸರಿರಬೇಕಾದ ಕಡೆ ಬರೀ ಪ್ರಶ್ನೆಯ ಗುರುತುಗಳು! ಅದೂ ಸಾಲದೆಂಬಂತೆ, ಅಂದು ಬಂದ ಕೆಲವು ಅಡಿಕೆ ಮೂಟೆಗಳು ದಾಸ್ತಾನು ಪುಸ್ತಕದಲ್ಲಿದ್ದವು, ಸದಸ್ಯರ ಖಾತೆಯಲ್ಲಿ ಇರಲಿಲ್ಲ. ಮುಂಗಡಕ್ಕೆ ಬಂದವರನ್ನೆಲ್ಲ ರಶೀದಿ ತನ್ನಿರೆಂದು ಹಿಂದಕ್ಕೆ ಕಳುಹಿಸಬೇಕಾಯಿತು. ಒಂದೆಕರೆ ತೋಟವನ್ನೇ ನೆಚ್ಚಿದ ವಿಧವೆ ಸದಸ್ಯೆಯೊಬ್ಬರ ರಶೀದಿ ಮಳೆಗೆ ನೆನೆದು ಅಕ್ಷರ ಅಳಿಸಿತ್ತು. ಅವರ ನಾಲ್ಕು ಮೂಟೆ ಚಾಲಿಯ ಲೆಕ್ಕವನ್ನು ಗೋದಾಮಿನ ತೂಕದ ಪುಸ್ತಕದಿಂದ ಹುಡುಕಿ ತೆಗೆಯಲು ಒಂಬತ್ತು ದಿನ ಹಿಡಿಯಿತು. ಸಂಘವನ್ನು ನಂಬಿ ಅವರು ಸುಮ್ಮನಿದ್ದರು. ನಮಗೆ ಮಾತ್ರ ತಲೆ ಎತ್ತಲು ಆಗಲಿಲ್ಲ. ಪ್ರತಿ ತೆಗೆದಿದ್ದೆವು, ಆದರೆ ಒಮ್ಮೆಯೂ ತೆರೆದು ನೋಡಿರಲಿಲ್ಲ.

ಸಹಕಾರ ತರಬೇತಿಯೊಂದರಲ್ಲಿ ಪರಿಚಯವಾಗಿದ್ದ ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದ ಸಹಕಾರಿ ಮಿತ್ರರೊಬ್ಬರಿಗೆ ಈ ಸಂಗತಿ ತಿಳಿಸಿದಾಗ ಅವರು ನಮ್ಮನ್ನು ಅಲ್ಲಿಗೇ ಕರೆಸಿಕೊಂಡರು. ಹಿಂದೆ ಮುಧೋಳ ಸಂಸ್ಥಾನಕ್ಕೆ ಸೇರಿ, ಈಗ ರಬಕವಿ-ಬನಹಟ್ಟಿ ತಾಲ್ಲೂಕಿನಲ್ಲಿರುವ ಈ ಊರು ಬೆಲ್ಲದ ಪೇಟೆಗೆ ಹೆಸರಾದದ್ದು. ನಮಗೆ ಅಡಿಕೆ ಹೇಗೋ ಅವರಿಗೆ ಕಬ್ಬು ಹಾಗೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಮುಧೋಳ ಕಡೆಯ ಹಳ್ಳಿಗಳಿಗೆ ನೀರು ನುಗ್ಗಿದ್ದನ್ನು ಕಂಡಮೇಲೆ ಅವರ ಸಂಘವು ಲೆಕ್ಕದ ಪ್ರತಿಯ ವಿಷಯದಲ್ಲಿ ಬಹಳ ಬಿಗಿಯಾಯಿತಂತೆ. ನಮ್ಮ ಕಥೆ ಕೇಳಿ ಆ ಮಿತ್ರರು, “ಬರೇ ತಗದ ಇಟ್ರ ಆಗೂದಿಲ್ರೀ ಸಾಹೇಬ್ರ, ತಿರುಗಿ ತುಂಬಿ ನೋಡಬೇಕು” ಎಂದರು.

ಕೋಷ್ಟಕಗಳ ನಂಟು

ಮೊದಲು ಲೆಕ್ಕ ಇರುವ ಬಗೆಯನ್ನು ತಿಳಿಯೋಣ. 1970ರಲ್ಲಿ ಐಬಿಎಂ ಕಂಪನಿಯ ಇ. ಎಫ್. ಕಾಡ್ ಎಂಬುವರು ಸಂಬಂಧಾತ್ಮಕ ದತ್ತಸಂಚಯದ ತತ್ವವನ್ನು ಮಂಡಿಸಿದರು. ಮಾಹಿತಿಯನ್ನು ಬೇರೆ ಬೇರೆ ಕೋಷ್ಟಕಗಳಲ್ಲಿಟ್ಟು, ಸಮಾನವಾದ ಒಂದು ಸಂಖ್ಯೆಯಿಂದ ಅವುಗಳಿಗೆ ನಂಟು ಕಲ್ಪಿಸುವುದೇ ಅದರ ಸಾರ. ನಮ್ಮಲ್ಲಿ ಸದಸ್ಯರದೊಂದು ಕೋಷ್ಟಕ, ಖಾತೆಯದೊಂದು, ದಾಸ್ತಾನಿನದೊಂದು. ಮೂರನ್ನೂ ಹೆಣೆಯುವ ದಾರ ಸದಸ್ಯ ಸಂಖ್ಯೆ. ಕಿರ್ದಿಯಿಂದ ಖತಾವಣಿಗೆ ಪುಟಸಂಖ್ಯೆ ಹಾಕುತ್ತಿದ್ದ ಹಳೆಯ ಪದ್ಧತಿಯನ್ನು ಬಲ್ಲವರಿಗೆ ಇದು ಹೊಸದೇನಲ್ಲ. ನಮ್ಮ ಸಂಘ ಬಳಸುವ ಮೈಎಸ್‌ಕ್ಯೂಎಲ್ ಈ ತತ್ವದ ಮೇಲೆಯೇ ನಿಂತಿದೆ.

ಇದರ ಪ್ರತಿಯನ್ನು ಎರಡು ವಿಧವಾಗಿ ತೆಗೆಯಬಹುದು. ಯಂತ್ರದೊಳಗಿನ ಕಡತಗಳನ್ನು ಇದ್ದಂತೆಯೇ ನಕಲು ಮಾಡುವುದು ಒಂದು. ಲೆಕ್ಕ ನಡೆಯುತ್ತಿರುವಾಗ ಹೀಗೆ ಮಾಡಿದರೆ ಅರ್ಧ ಬರೆದ ಪುಟವೂ ನಕಲಿಗೆ ಸೇರಿ ಕಡತ ಕೆಡುತ್ತದೆ. ಇನ್ನೊಂದು ರಫ್ತು. “ಸದಸ್ಯ ಎಂಬ ಕೋಷ್ಟಕವನ್ನು ಕಟ್ಟು, ಅದರಲ್ಲಿ ಈ ಸಾಲನ್ನು ಸೇರಿಸು” ಎಂಬಂತಹ ಆಜ್ಞೆಗಳ ಒಂದು ಪಠ್ಯ ಕಡತ ಅದರಿಂದ ಸಿದ್ಧವಾಗುತ್ತದೆ. ಬೇರೊಂದು ಯಂತ್ರದಲ್ಲಿ ಅವೇ ಆಜ್ಞೆಗಳನ್ನು ನಡೆಸಿದರೆ ಲೆಕ್ಕವೆಲ್ಲ ಮತ್ತೆ ಎದ್ದು ನಿಲ್ಲುತ್ತದೆ.

ಲೈಬ್ರರಿ ಎಂದರೇನು?

ಇಲ್ಲಿ ಲೈಬ್ರರಿ ಎಂದರೆ ಪುಸ್ತಕಾಲಯವಲ್ಲ. ಒಬ್ಬರು ಬರೆದಿಟ್ಟು ಇತರರೂ ತಮ್ಮ ಪ್ರೋಗ್ರಾಮಿನಲ್ಲಿ ಜೋಡಿಸಿಕೊಳ್ಳುವ ಸಿದ್ಧ ಸಂಕೇತಗಳ ಕಟ್ಟು. ಹೊಸದಾಗಿ ಗರಗಸ ಮಾಡಿಸುವ ಬದಲು ನೆರೆಮನೆಯ ಒಳ್ಳೆಯ ಗರಗಸವನ್ನು ತಂದಂತೆ. ಮೈಎಸ್‌ಕ್ಯೂಎಲ್ ಜೊತೆಗೆ ಬರುವ ಮೈಎಸ್‌ಕ್ಯೂಎಲ್‌ಡಂಪ್ ಎಂಬ ಸಲಕರಣೆಯೂ ರಫ್ತು ಮಾಡುತ್ತದೆ. ಆದರೆ ಅದಕ್ಕೆ ಬೇರೆಯಾಗಿ ಆಜ್ಞೆ ಕೊಡಬೇಕು. ಮಹಾಲಿಂಗಪುರದವರು ಉಚಿತವಾಗಿ ದೊರೆಯುವ ಮೈಎಸ್‌ಕ್ಯೂಎಲ್‌ಬ್ಯಾಕಪ್ ಡಾಟ್ ನೆಟ್ ಎಂಬ ಲೈಬ್ರರಿಯನ್ನು ತಮ್ಮ ಲೆಕ್ಕದ ಪ್ರೋಗ್ರಾಮಿಗೇ ಸೇರಿಸಿದ್ದಾರೆ. ಪ್ರೋಗ್ರಾಮು ದತ್ತಸಂಚಯಕ್ಕೆ ಸಂಪರ್ಕ ತೆರೆದು, ಕಡತದ ಹೆಸರು ಹೇಳಿ, ರಫ್ತು ಮಾಡೆಂದು ಲೈಬ್ರರಿಗೆ ಒಪ್ಪಿಸುತ್ತದೆ. ಕೋಷ್ಟಕಗಳನ್ನು ಓದಿ ಆಜ್ಞೆಗಳನ್ನು ಬರೆಯುವ ಭಾರವೆಲ್ಲ ಅದರದು. ಮರಳಿ ತುಂಬಲು ಆಮದು ಮಾಡೆಂದರೆ ಸಾಕು. ಗುಮಾಸ್ತರಿಗೆ ಕಾಣುವುದು ಒಂದೇ ಒಂದು ಗುಂಡಿ.

ನಾವು ಎಡವಿದ್ದೆಲ್ಲಿ?

ಮೊದಲನೆಯದು ಅಕ್ಷರ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರ ಸಂಕೇತಕ್ಕೂ 3 ಬೈಟ್ ಬೇಕು. ನಮ್ಮ ರಫ್ತಿನ ಸಂಪರ್ಕವು ಲ್ಯಾಟಿನ್ ಅಕ್ಷರಕ್ಕೆ ಹೊಂದಿಸಿದ ಹಳೆಯ ಪದ್ಧತಿಯಲ್ಲಿತ್ತು. ಅದಕ್ಕೆ ತಿಳಿಯದ ಪ್ರತಿ ಅಕ್ಷರವೂ ಪ್ರಶ್ನೆಯ ಗುರುತಾಯಿತು. ಹಾಗೆ ಹೋದದ್ದು ಮರಳಿ ಬಾರದು. ಹೆಸರುಗಳನ್ನೆಲ್ಲ ಕಾಗದದ ಸದಸ್ಯತ್ವ ಪುಸ್ತಕ ನೋಡಿ ಮತ್ತೆ ಬರೆದೆವು. ಸಂಪರ್ಕವನ್ನು ಯುಟಿಎಫ್8ಎಂಬಿ4 ಎಂದು ಹೊಂದಿಸುವುದೇ ಪರಿಹಾರ.

ಎರಡನೆಯದು ಹೊತ್ತು. ನಮ್ಮ ರಫ್ತು ಮಧ್ಯಾಹ್ನ, ವಹಿವಾಟಿನ ನಡುವೆ ನಡೆಯುತ್ತಿತ್ತು. ಖಾತೆಯ ಕೋಷ್ಟಕದ ನಕಲು ಮುಗಿದ ಮೇಲೆ ಹೊಸ ಮೂಟೆ ದಾಖಲಾಯಿತು. ಬಳಿಕ ದಾಸ್ತಾನಿನ ನಕಲಾಯಿತು. ಹೀಗಾಗಿ ಮೂಟೆ ಒಂದರಲ್ಲಿ ಸೇರಿ ಇನ್ನೊಂದರಲ್ಲಿ ತಪ್ಪಿತು. ಎಲ್ಲ ಕೋಷ್ಟಕಗಳನ್ನೂ ಒಂದೇ ಕ್ಷಣದ ಸ್ಥಿತಿಯಲ್ಲಿ ಓದುವಂತೆ ಒಂದು ವಹಿವಾಟಿನೊಳಗೇ ರಫ್ತು ಮಾಡಬೇಕು; ಸಂಜೆ ಲೆಕ್ಕ ಮುಚ್ಚಿದ ಮೇಲೆ ಮಾಡಿದರೆ ಇನ್ನೂ ಕ್ಷೇಮ.

ಮೂರನೆಯದು ಜಾಗ. ಪೆನ್‌ಡ್ರೈವ್ ಅದೇ ಮೇಜಿನ ಮೇಲಿತ್ತು. ಸಿಡಿಲು ಅದನ್ನು ಬಿಟ್ಟದ್ದು ನಮ್ಮ ಪುಣ್ಯ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ ಎಂಬುದು ಬಲ್ಲವರ ನಿಯಮ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ಕಂಡ ನಮಗೆ ಇದರ ಅಗತ್ಯವನ್ನು ಬಿಡಿಸಿ ಹೇಳಬೇಕಿಲ್ಲ. ಹೊರಗೆ ಹೋಗುವ ಪ್ರತಿಗೆ ಗೂಢಲಿಪಿಯ ಬೀಗವೂ ಅವಶ್ಯ. ಯಾರ ಸಾಲವೆಷ್ಟೆಂಬುದನ್ನು ಆ ಪಠ್ಯ ಕಡತದಲ್ಲಿ ಯಾರು ಬೇಕಾದರೂ ಓದಬಹುದು.

ಸದಸ್ಯರು ಕೇಳಬೇಕಾದದ್ದು

ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ನೀಡಿತು. ಆಗ ಗುರಿಯಾಗಿದ್ದುದು 63,000 ಸಂಘಗಳು. ಕಾಗದದ ಕಾಲ ಕಳೆಯುತ್ತಿದೆ. ಆದುದರಿಂದ ನಿಮ್ಮ ಯಾವುದೇ ಸಂಘದ ಮಹಾಸಭೆಯಲ್ಲಿ ನಾಲ್ಕು ಪ್ರಶ್ನೆಗಳನ್ನು ತಪ್ಪದೆ ಕೇಳಿರಿ. ಪ್ರತಿಯನ್ನು ಯಾವ ಹೊತ್ತಿಗೆ ತೆಗೆಯುತ್ತೀರಿ? ಹೊರಗಿನ ಪ್ರತಿ ಎಲ್ಲಿದೆ? ಬೀಗದ ಗುಪ್ತಪದ ಇಬ್ಬರಿಗಾದರೂ ಗೊತ್ತೇ? ಕೊನೆಯ ಬಾರಿ ಅದನ್ನು ಬೇರೆ ಯಂತ್ರಕ್ಕೆ ತುಂಬಿ ತಾಳೆ ನೋಡಿದ್ದು ಯಾವಾಗ?

ನಮ್ಮ ಸಂಘದಲ್ಲಿ ಈಗ ಪ್ರತಿ ತಿಂಗಳ ಮೊದಲ ಶನಿವಾರ ಹಳೆಯ ಯಂತ್ರವೊಂದಕ್ಕೆ ಪ್ರತಿಯನ್ನು ತುಂಬಿ, ಹತ್ತು ಸದಸ್ಯರ ಖಾತೆಯನ್ನು ಅಸಲಿನೊಡನೆ ತಾಳೆ ನೋಡುತ್ತೇವೆ. ಮೊದಲ ತಿಂಗಳು ತೆರೆದ ಮೊದಲ ಖಾತೆ ಆ ನಾಲ್ಕು ಮೂಟೆ ಚಾಲಿಯದು. ಹೆಸರು ಕನ್ನಡದಲ್ಲಿ ಸರಿಯಾಗಿ ಮೂಡಿತ್ತು, ಮೂಟೆಯ ಲೆಕ್ಕವೂ ಕೂಡಿತ್ತು. ತಾಳೆ ನೋಡುವ ದಿನ ಕಚೇರಿಗೆ ಬರಬಯಸುವ ಸದಸ್ಯರಿಗೆ ಸ್ವಾಗತ.